ಹಿತ್ತಲ ತುದಿಯ ಟೆಲಿಸ್ಕೋಪಿಗೆ ವೈಫೈ ತಲುಪಿಸಿದ ನಾಲ್ಕು ತಿಂಗಳು

ಹೋದ ಗುರುವಾರ ರಾತ್ರಿ ಏಳೂವರೆಯಿಂದ ಹನ್ನೊಂದರವರೆಗೆ ನಮ್ಮ ಹಿತ್ತಲ ತುದಿಯ ಟೆಲಿಸ್ಕೋಪು ಒಂದೇ ಸಮನೆ ಕೆಲಸ ಮಾಡಿತು. ಒಂದು ಸಲವೂ ಸಂಪರ್ಕ ತಪ್ಪಲಿಲ್ಲ. ಹೊರಗೆ ಇಬ್ಬನಿ ಬೀಳುತ್ತಿತ್ತು. ನಾನು ಒಳಗೆ ಶಾಲು ಹೊದ್ದು ಕೂತು ಒಂದೊಂದೇ ಚಿತ್ರ ಬರುವುದನ್ನು ನೋಡುತ್ತಿದ್ದೆ. ಇಷ್ಟಾಗಲಿಕ್ಕೆ ನಾಲ್ಕು ತಿಂಗಳು ಹಿಡಿಯಿತು. ಹತ್ತು ಸಾವಿರ ರೂಪಾಯಿ ಖರ್ಚಾಯಿತು, ಅದರಲ್ಲಿ 3,800 ರೂಪಾಯಿ ಕೊನೆಗೆ ಉಪಯೋಗಕ್ಕೆ ಬಾರದ ವಸ್ತುಗಳಿಗೆ ಹೋಯಿತು. ಇದೇ ದಾರಿ ಹಿಡಿದವರಿಗೆ ಅಷ್ಟು ಸುತ್ತಾಟ ಬೇಡ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ. ಮನೆಯವರು ರೇಷ್ಮೆ ಬೆಳೆಯುತ್ತಾರೆ. ನಾನು ಪೇಟೆಯ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಹಿತ್ತಲು ಅಂದರೆ ನಮ್ಮಲ್ಲಿ ಅರ್ಧ ತೋಟವೇ: ಮನೆಯ ಹಿಂದೆ ಹುಳು ಮನೆ, ಅದರ ಪಕ್ಕಕ್ಕೆ ಹಿಪ್ಪುನೇರಳೆ ತಾಕು, ಅದು ಮುಗಿದ ಮೇಲೆ ಬದುವಿನ ಪಕ್ಕ ಸ್ವಲ್ಪ ಖಾಲಿ ಜಾಗ. ಟೆಲಿಸ್ಕೋಪು ಇರುವುದು ಆ ಖಾಲಿ ಜಾಗದಲ್ಲಿ, ಮನೆಯಿಂದ 150 ಅಡಿ ದೂರ.

ಅಷ್ಟು ದೂರ ಯಾಕೆ ಅಂತ ಮೊದಲು ಎಲ್ಲರೂ ಕೇಳಿದರು. ಕಾರಣ ಧ್ರುವ ನಕ್ಷತ್ರ. ಫೋಟೋ ತೆಗೆಯುವಾಗ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟಿನ ಅಕ್ಷ ಆಕಾಶದ ಉತ್ತರ ಧ್ರುವದ ಕಡೆ, ಅಂದರೆ ಹೆಚ್ಚುಕಡಿಮೆ ಧ್ರುವ ನಕ್ಷತ್ರದ ಕಡೆ, ಸರಿಯಾಗಿ ತಿರುಗಿರಬೇಕು. ಆಗಲೇ ಅದು ಭೂಮಿ ತಿರುಗುವುದಕ್ಕೆ ಸರಿಸಮವಾಗಿ ತಿರುಗಿ, ನಕ್ಷತ್ರಗಳನ್ನು ಒಂದೇ ಕಡೆ ಹಿಡಿದಿಡುತ್ತದೆ. ದೆಹಲಿಯಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 28 ಡಿಗ್ರಿ ಮೇಲಿರುತ್ತದೆ. ನಮ್ಮ ಕಡೆ ಬರೀ 13 ಡಿಗ್ರಿ ಚಿಲ್ಲರೆ. ಕೈ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ಅಷ್ಟೇ ಎತ್ತರ. ನಮ್ಮ ಮನೆ ಹಿತ್ತಲಿನ ಉತ್ತರಕ್ಕಿದೆ, ಮೇಲಿನ ನೀರಿನ ಟ್ಯಾಂಕು ಸೇರಿ 30 ಅಡಿ ಎತ್ತರ. ಲೆಕ್ಕ ಹಾಕಿದರೆ ಟ್ಯಾಂಕಿನ ಮೇಲೆ ಧ್ರುವ ನಕ್ಷತ್ರ ಕಾಣಬೇಕಾದರೆ 125 ಅಡಿಗಿಂತ ದೂರ ಹೋಗಬೇಕು. ಧ್ರುವ ಕಾಣದಿದ್ದರೂ ಬೇರೆ ನಕ್ಷತ್ರ ನೋಡಿ ಅಲೈನ್ ಮಾಡುವ ಸಾಫ್ಟ್‌ವೇರ್ ಈಗ ಇದೆ. ಆದರೆ ಮನೆಯ ಹತ್ತಿರ ನಿಂತರೆ ಉತ್ತರದ ಆಕಾಶವೇ ಅರ್ಧ ಮುಚ್ಚಿಹೋಗುತ್ತದೆ, ಹಿಂಬಾಗಿಲ ದೀಪದ ಬೆಳಕು ಬೇರೆ. ಹಾಗಾಗಿ ಬದುವಿನ ಪಕ್ಕವೇ ಸಿಮೆಂಟಿನ ಕಂಬ ಹಾಕಿಸಿದೆ.

ಅಕ್ಟೋಬರ್ ಕೊನೆಯ ವಾರ ಮಳೆ ಬಿಟ್ಟಿತು. ಮೊದಲ ರಾತ್ರಿಯ ಏರ್ಪಾಡು ಹೀಗಿತ್ತು: ಮೌಂಟ್, ಮುಖ್ಯ ಕ್ಯಾಮೆರಾ, ನಕ್ಷತ್ರವನ್ನು ಹಿಂಬಾಲಿಸುವ ಸಣ್ಣ ಗೈಡ್ ಕ್ಯಾಮೆರಾ, ಮೂರೂ ಕಂಬದ ಮೇಲಿನ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರಿಗೆ ಜೋಡಣೆ. ಪೈನಲ್ಲಿ ಈ ಸಾಧನಗಳನ್ನು ನಡೆಸುವ ಇಂಡಿ ಸರ್ವರ್. ಮನೆಯೊಳಗಿನ ಲ್ಯಾಪ್‌ಟಾಪಿನಲ್ಲಿ ಆಕಾಶದ ನಕ್ಷೆ ತೋರಿಸುವ ಕೆಸ್ಟಾರ್ಸ್ ಮತ್ತು ಚಿತ್ರ ತೆಗೆಸುವ, ಗೈಡ್ ಮಾಡಿಸುವ ಇಕೋಸ್ ಸಾಫ್ಟ್‌ವೇರ್. ನಡುವೆ ವೈಫೈ.

ಹತ್ತು ಗಂಟೆಗೆ ಮಹಾವ್ಯಾಧ ಮೂಡಣದಲ್ಲಿ ಮೇಲೆ ಬಂದ. ಮೊದಲ ಚಿತ್ರ ತೆಗೆಯಲು ಒತ್ತಿದೆ. ಎರಡು ನಿಮಿಷದ ಎಕ್ಸ್‌ಪೋಷರ್ ಮುಗಿಯಿತು, ಚಿತ್ರ ಬರಲಿಲ್ಲ. ಮುಕ್ಕಾಲು ನಿಮಿಷ ಕಾದ ಮೇಲೆ ಬಂತು, ನಕ್ಷತ್ರಗಳೆಲ್ಲ ಮೊಟ್ಟೆಯ ಹಾಗೆ ಉದ್ದವಾಗಿದ್ದವು. ಮುಂದಿನ ಚಿತ್ರದ ಅರ್ಧದಲ್ಲಿ ಸಂಪರ್ಕ ಹೋಯಿತು. ಟಾರ್ಚ್ ಹಿಡಿದು ಕಂಬದ ತನಕ ಹೋಗಿ ಪೈ ಆರಿಸಿ ಹಚ್ಚಿದೆ. ವಾಪಸ್ ಬಂದೆ. ಮತ್ತೆ ಹೋಯಿತು. ಅವತ್ತು ಹನ್ನೊಂದು ಸಲ ಓಡಾಡಿದೆ. ಕಾಲೆಲ್ಲ ಇಬ್ಬನಿಗೆ ನೆನೆದಿತ್ತು. ಅಮ್ಮ ಎದ್ದು ಬಂದು, "ರಾತ್ರಿ ಹೊತ್ತು ತೋಟದಲ್ಲಿ ಹುಳ ಹುಪ್ಪಟೆ ಇರ್ತವೆ, ಸಾಕು ಬಾರಮ್ಮ ಒಳಗೆ" ಅಂದರು. ಎರಡು ವರ್ಷ ಸಂಬಳದಲ್ಲಿ ಉಳಿಸಿ ಕೊಂಡ ಸಾಮಾನು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ.

ಮಾರನೆಯ ದಿನ ಕೂತು ಲೆಕ್ಕ ಹಾಕಿದೆ. ಈ ಲೆಕ್ಕವನ್ನು ಏನನ್ನೂ ಕೊಳ್ಳುವ ಮೊದಲೇ ಎಲ್ಲರೂ ಹಾಕಬೇಕು. ನನ್ನ ಕ್ಯಾಮೆರಾದ ಚಿತ್ರ 3008ಕ್ಕೆ 3008 ಪಿಕ್ಸೆಲ್, ಒಂದೊಂದು ಪಿಕ್ಸೆಲಿಗೆ 2 ಬೈಟ್. ಅಂದರೆ ಚಿತ್ರವೊಂದಕ್ಕೆ 18 ಎಂಬಿ. ಕಂಬದ ಹತ್ತಿರ ನನಗೆ ಸಿಗುತ್ತಿದ್ದ ವೇಗ ಸೆಕೆಂಡಿಗೆ 3 ಮೆಗಾಬಿಟ್. 18 ಎಂಬಿ ದಾಟಲು 48 ಸೆಕೆಂಡು ಬೇಕು. ಇನ್ನು ಗೈಡ್ ಕ್ಯಾಮೆರಾದ ಚಿತ್ರ 1.2 ಎಂಬಿ, ಅದು ಎರಡು ಸೆಕೆಂಡಿಗೊಂದು ಹೋಗಬೇಕು. ಅದಕ್ಕೊಂದಕ್ಕೇ ಸೆಕೆಂಡಿಗೆ 5 ಮೆಗಾಬಿಟ್ ಬೇಕು! ಗೈಡ್ ಚಿತ್ರ ತಡವಾಗಿ ಬಂದರೆ ಮೌಂಟನ್ನು ತಿದ್ದುವ ಆದೇಶವೂ ತಡ. ಮೊಟ್ಟೆ ನಕ್ಷತ್ರಕ್ಕೆ ಕಾರಣ ಅದು.

ಮೊದಲ ಪರಿಹಾರಕ್ಕೆ ಒಂದು ರೂಪಾಯಿಯೂ ಬೇಕಾಗಲಿಲ್ಲ. ಇಕೋಸನ್ನು ಲ್ಯಾಪ್‌ಟಾಪಿನಿಂದ ತೆಗೆದು ಪೈನಲ್ಲೇ ಹಾಕಿದೆ. ಈಗ ಚಿತ್ರ ತೆಗೆಯುವುದು, ಗೈಡ್ ಮಾಡುವುದು, ಉಳಿಸುವುದು ಎಲ್ಲವೂ ಕಂಬದ ಮೇಲೇ ನಡೆಯುತ್ತದೆ. ವೈಫೈ ಮೇಲೆ ಬರುವುದು ಪೈನ ಪರದೆ ಮಾತ್ರ, ಅದೂ ಪರದೆಯನ್ನು ದೂರದಿಂದ ತೋರಿಸುವ ವಿಎನ್‌ಸಿ ಸಾಫ್ಟ್‌ವೇರ್ ಮೂಲಕ. ಸಂಪರ್ಕ ಹೋದರೂ ಫೋಟೋ ತೆಗೆಯುವ ಕೆಲಸ ನಿಲ್ಲುವುದಿಲ್ಲ. ನಕ್ಷತ್ರಗಳು ಅವತ್ತೇ ದುಂಡಗಾದವು. ನಿಮಗೆ ಇಷ್ಟೇ ಸಾಕಾದರೆ ಇಲ್ಲಿಗೇ ನಿಲ್ಲಿ, ಮುಂದಿನ ಖರ್ಚು ಬೇಡ.

ನನಗೆ ಅಷ್ಟು ಸಾಲಲಿಲ್ಲ. ಫೋಕಸ್ ಮಾಡುವಾಗ, ಅಲೈನ್ ಮಾಡುವಾಗ ಪರದೆ ಆಗಿಂದಾಗ್ಗೆ ಕಾಣಲೇಬೇಕು. ಮೋಡ ಬಂದರೆ ನಿಲ್ಲಿಸಬೇಕು. ವಿಎನ್‌ಸಿ ಪರದೆ ಐದು ನಿಮಿಷಕ್ಕೊಮ್ಮೆ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು.

ಫೋನಿನಲ್ಲಿ ವೈಫೈ ಅಳೆಯುವ ಆಪ್ ಹಾಕಿಕೊಂಡು ಮನೆಯಿಂದ ಕಂಬದವರೆಗೆ ನಡೆದೆ. ಡಿಬಿಎಂ ಅನ್ನುವ ಅಳತೆ ಮೈನಸ್ಸಿನಲ್ಲಿರುತ್ತದೆ. ಮೈನಸ್ 50 ಅಂದರೆ ಚೆನ್ನಾಗಿದೆ, 70 ಅಂದರೆ ನಡೆಯುತ್ತದೆ, 80 ದಾಟಿದರೆ ಕಷ್ಟ. ರೌಟರ್ ಇದ್ದ ಕೋಣೆಯಲ್ಲಿ ಮೈನಸ್ 38. ಹಿಂದಿನ ಗೋಡೆ ದಾಟುತ್ತಿದ್ದ ಹಾಗೇ ಮೈನಸ್ 61. ನಮ್ಮದು ಸೈಜುಗಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಕಂಬದ ಹತ್ತಿರ ಮೈನಸ್ 82. ರೌಟರನ್ನು ಹಿಂದಿನ ಕಿಟಕಿಗೆ ತಂದಿಟ್ಟೆ, ಮೈನಸ್ 76 ಆಯಿತು. ಚಾನೆಲ್ ಆಟೋ ಇದ್ದದ್ದನ್ನು ತೆಗೆದು, ಅಕ್ಕಪಕ್ಕದವರು ಯಾರೂ ಬಳಸದ 11ಕ್ಕೆ ಹಾಕಿದೆ. ಸ್ವಲ್ಪ ಸುಧಾರಿಸಿತು, ಆದರೆ ಪರದೆ ನಿಲ್ಲುವುದು ನಿಲ್ಲಲಿಲ್ಲ.

ಆಮೇಲೆ ದುಡುಕಿ 1,450 ರೂಪಾಯಿಯ ರಿಪೀಟರ್ ತರಿಸಿದೆ. ಇದನ್ನು ಕೊಳ್ಳಬೇಡಿ. ಇಂಥ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದೇ ರೇಡಿಯೋದಲ್ಲಿ ಮತ್ತೆ ಹೇಳಬೇಕು, ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಅದನ್ನು ನಡುದಾರಿಯಲ್ಲಿ ಇಡಬೇಕು. ನಮ್ಮ ನಡುದಾರಿಯಲ್ಲಿ ಇರುವುದು ಹುಳು ಮನೆ. ಅದಕ್ಕೆ ತಗಡಿನ ಮಾಡು. ಒಳಗಿಟ್ಟರೆ ತಗಡು ತಡೆಯುತ್ತದೆ, ಹೊರಗಿಟ್ಟರೆ ಇಬ್ಬನಿ. ಫೋನಿನಲ್ಲಿ ಸಿಗ್ನಲ್ ಕಡ್ಡಿ ತುಂಬ ಕಾಣಿಸುತ್ತಿತ್ತು, ಕೆಲಸ ಮಾತ್ರ ಆಗುತ್ತಿರಲಿಲ್ಲ.

ಈ ಹೊತ್ತಿಗೇ ಒಂದು ವಿಚಿತ್ರ ಗಮನಕ್ಕೆ ಬಂತು. ಕಂಬದ ಪಕ್ಕ ನಿಂತ ಫೋನಿಗೆ ಚೆನ್ನಾಗಿ ಸಿಗುವ ವೈಫೈ, ಅದೇ ಜಾಗದ ಪೈಗೆ ಸಿಗುತ್ತಿರಲಿಲ್ಲ. ಲ್ಯಾಪ್‌ಟಾಪಿನಿಂದ ಪೈಗೆ ಪಿಂಗ್ (ಇದ್ದೀಯಾ ಅಂತ ಕೇಳುವ ಪುಟ್ಟ ಸಂದೇಶ) ಹಾಕಿ ಬಿಟ್ಟೆ. ನೂರಕ್ಕೆ ನಲವತ್ತು ಉತ್ತರ ಕಾಣೆ. ಏನೇನೋ ಮಾಡಿ, ಕೊನೆಗೆ ಕ್ಯಾಮೆರಾದ ನೀಲಿ ಬಾಯಿಯ ಯುಎಸ್‌ಬಿ ಕೇಬಲನ್ನು ಪೈನಿಂದ ಎಳೆದೆ. ಸಾಲು ಸಾಲಾಗಿ ಉತ್ತರ ಬರತೊಡಗಿತು, ಒಂದೂ ತಪ್ಪಲಿಲ್ಲ. ಮತ್ತೆ ಸಿಕ್ಕಿಸಿದೆ. ಮತ್ತೆ ತಪ್ಪತೊಡಗಿತು. ನಾಲ್ಕು ಸಲ ಹಾಗೇ ಮಾಡಿ ನೋಡಿದೆ, ಅನುಮಾನವೇ ಉಳಿಯಲಿಲ್ಲ.

ಆ ನೀಲಿ ಬಾಯಿಯ ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಜಿನ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ. ನಾವು ಬಳಸುವ ವೈಫೈ ಇರುವುದೂ ಅಲ್ಲೇ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವರದಿ ಹಾಕಿದೆ. ಪೈನ ವೈಫೈ ಆಂಟೆನಾ ಬೋರ್ಡಿನ ಮೇಲೇ ಇರುವ ಸಣ್ಣ ಗೆರೆ, ಯುಎಸ್‌ಬಿ ಬಾಯಿಗಳಿಂದ ಕೆಲವೇ ಅಂಗುಲ ದೂರ. ನಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲಿ ರೇಡಿಯೋ ದೂರದರ್ಶಕ ಇದೆ ಅಲ್ವಾ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು, ಟಿ ಆಕಾರದಲ್ಲಿ ನೆಲದ ತುಂಬ ಆಂಟೆನಾ ಹಾಕಿ 34.5 ಮೆಗಾಹರ್ಟ್ಜಿನಲ್ಲಿ ಆಕಾಶ ಕೇಳಿದ ಜಾಗ. ಅಂಥ ಆಂಟೆನಾದ ಪಕ್ಕ ಗದ್ದಲ ಮಾಡುವ ಯಂತ್ರ ಯಾರೂ ಇಡುವುದಿಲ್ಲ. ನಾನು ಪೈನ ಕಿವಿಗೇ ಗದ್ದಲ ಕಟ್ಟಿದ್ದೆ.

ಒಳ್ಳೆಯ ಶೀಲ್ಡ್ ಇರುವ ಗಿಡ್ಡ ಯುಎಸ್‌ಬಿ ಕೇಬಲ್ ಹಾಕಿದರೆ ಗದ್ದಲ ಕಡಿಮೆಯಾಗುತ್ತದೆ. ಪೈಯನ್ನು 5 ಗಿಗಾಹರ್ಟ್ಜ್ ವೈಫೈಗೆ ಬದಲಾಯಿಸಿದರೆ ತಪ್ಪೇ ಹೋಗುತ್ತದೆ. ಆದರೆ ಪೈನ ಸೆಟ್ಟಿಂಗಿನಲ್ಲಿ ವೈಫೈ ದೇಶ ಅಂತ ಒಂದಿದೆ, ಅಲ್ಲಿ ನಮ್ಮ ದೇಶ ಆರಿಸದಿದ್ದರೆ 5 ಗಿಗಾಹರ್ಟ್ಜ್ ಕಾಣದೇ ಇರಬಹುದು. ನನಗೆ ಅದು ತಿಳಿಯಲು ಎರಡು ಸಂಜೆ ಹೋಯಿತು. ಕಂಡ ಮೇಲೂ ಉಪಯೋಗವಾಗಲಿಲ್ಲ: 5 ಗಿಗಾಹರ್ಟ್ಜ್ ಗೋಡೆಗಳಲ್ಲಿ ಬೇಗ ಸೋಲುತ್ತದೆ, ಸೈಜುಗಲ್ಲು ದಾಟಿ 150 ಅಡಿ ಬರಲಿಲ್ಲ.

ನವೆಂಬರ್ ಮಧ್ಯದಲ್ಲಿ 2,350 ರೂಪಾಯಿ ಕೊಟ್ಟು ಹೊರಗೋಡೆಗೆ ಹಾಕುವ ದಿಕ್ಕಿನ ಆಂಟೆನಾ ಇರುವ 2.4 ಗಿಗಾಹರ್ಟ್ಜಿನ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಡಬ್ಬಿ, ತಂದೆ. ಹಿಂದಿನ ಗೋಡೆಯ ಮೇಲೆ ಹತ್ತು ಅಡಿ ಎತ್ತರಕ್ಕೆ, ಮುಖ ಕಂಬದ ಕಡೆಗೆ. ದಿಕ್ಕಿನ ಆಂಟೆನಾದ ಗುಣ ಏನೆಂದರೆ ಅದು ಒಂದೇ ಕಡೆ ಜೋರಾಗಿ ಹೇಳುತ್ತದೆ, ಆ ಕಡೆಯಿಂದ ಬರುವ ಸಣ್ಣ ದನಿಯನ್ನೂ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಬರೀ ಪವರ್ ಜಾಸ್ತಿ ಇರುವ ರೌಟರ್ ತಂದರೆ ಪೈನ ಸಣ್ಣ ದನಿ ಅದಕ್ಕೆ ಕೇಳಿಸಬೇಕಲ್ಲ. ಗಿಡ್ಡ ಕೇಬಲ್ಲೂ ಸೇರಿ ಕಂಬದ ಹತ್ತಿರ ಮೈನಸ್ 64 ಬಂತು. ಪರದೆ ಸರಾಗ. ಇಡೀ ಮೂರು ವಾರ ಚಿತ್ರ ತೆಗೆದೆ. ಕೆಲಸ ಮುಗಿಯಿತು ಅಂದುಕೊಂಡೆ.

ಡಿಸೆಂಬರ್ ಎರಡನೇ ವಾರದಿಂದ ಸಿಗ್ನಲ್ ದಿನ ದಿನಕ್ಕೂ ಇಳಿಯತೊಡಗಿತು. ಮೈನಸ್ 67. ಆಮೇಲೆ 71. ತಿಂಗಳ ಕೊನೆಗೆ 79. ಏನೂ ಬದಲಾಯಿಸಿರಲಿಲ್ಲ. ಆಂಟೆನಾ ಬಿಚ್ಚಿ ಒರೆಸಿ ಹಾಕಿದೆ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ, ಪೈಗೆ ಹೊಸ ಕಾರ್ಡ್ ಹಾಕಿ ಎಲ್ಲ ಮೊದಲಿನಿಂದ ಮಾಡಿದೆ. ವಸ್ತುವೇ ಕೆಟ್ಟಿರಬೇಕು ಅಂತ ವಾರಂಟಿ ಕಾಗದ ಕೂಡ ಹುಡುಕಿ ತೆಗೆದಿಟ್ಟಿದ್ದೆ.

ಉತ್ತರ ಕೊಟ್ಟಿದ್ದು ಅಪ್ಪನ ಕುಡುಗೋಲು. ಜನವರಿ ಮೊದಲ ವಾರ ಹುಳು ಮೂರನೇ ಜ್ವರ (ಹುಳು ಪೊರೆ ಕಳಚುವುದಕ್ಕೆ ನಾವು ಹೇಳುವುದು ಹಾಗೆ) ಎದ್ದು ದೊಡ್ಡದಾಗಿತ್ತು, ಅಪ್ಪ ದಿನಾ ಹಿಪ್ಪುನೇರಳೆ ಕಡ್ಡಿ ಕೊಯ್ದು ಹಾಕುತ್ತಿದ್ದರು. ಭಾನುವಾರ ನಾನು ಕಂಬದ ಹತ್ತಿರ ಫೋನ್ ಹಿಡಿದು ನಿಂತಿದ್ದೆ. ಅಪ್ಪ ಮನೆಯ ಕಡೆಯಿಂದ ಸಾಲು ಸಾಲಾಗಿ ಕೊಯ್ಯುತ್ತ ನನ್ನ ಕಡೆ ಬರುತ್ತಿದ್ದರು. ಅವರು ಹತ್ತಿರ ಬಂದ ಹಾಗೆಲ್ಲ ಸಿಗ್ನಲ್ ಏರುತ್ತಿತ್ತು. 78, 74, 70. ಕೊನೆಯ ಸಾಲು ಬಿದ್ದಾಗ 65. ನಾನು ಆಂಟೆನಾ ಹಾಕಿದ್ದು ಗಿಡ ಸವರಿದ ಮೇಲೆ, ಮೊಣಕಾಲೆತ್ತರ ಇದ್ದಾಗ. ಡಿಸೆಂಬರಿಗೆ ಅದು ನನ್ನ ತಲೆ ಮೀರಿ ಬೆಳೆದಿತ್ತು. ಆಂಟೆನಾ ಮೇಲಿದ್ದರೂ ಪೈ ಇರುವುದು ಮೂರಡಿ ಎತ್ತರದಲ್ಲಿ, ಅಲೆ ಕೊನೆಗೆ ಎಲೆಯೊಳಗಿಂದಲೇ ಹಾಯಬೇಕು. ಎಲೆಯ ತುಂಬ ನೀರು, ಮೇಲೆ ಇಬ್ಬನಿ. 2.4 ಗಿಗಾಹರ್ಟ್ಜಿನ ಅಲೆಯನ್ನು ನೀರು ಹೀರಿಕೊಳ್ಳುತ್ತದೆ. ಹಿಪ್ಪುನೇರಳೆ ಎರಡು ಎರಡೂವರೆ ತಿಂಗಳಿಗೊಮ್ಮೆ ಬೆಳೆದು ನಿಲ್ಲುವ ಗಿಡ. ಅಂದರೆ ಪ್ರತಿ ಬೆಳೆಗೂ ಇದೇ ಪಾಡು.

ಜೋಳ, ಕಬ್ಬು, ದ್ರಾಕ್ಷಿ ಚಪ್ಪರ, ಏನಿದ್ದರೂ ಇದೇ ಮಾತು. ತೋಟದ ಮೇಲೆ ವೈಫೈ ಹಾಯಿಸುವವರು ಬೆಳೆ ಪೂರ್ತಿ ಎದ್ದಾಗ ಅಳೆದು ನೋಡಿ, ಆಮೇಲೆ ದುಡ್ಡು ಹಾಕಿ. ಅಪ್ಪನಿಗೆ ಹೇಳಿದರೆ, "ಗಿಡ ಸವರಿ ಗಿಡ್ಡ ಮಾಡೋಕಾಗಲ್ಲಮ್ಮ, ಬೇಕಾದರೆ ನೆಲದಲ್ಲಿ ವೈರ್ ಎಳ್ಕೋ" ಅಂದರು. ಆ ಮಾತೇ ಸರಿ ಅನ್ನಿಸಿತು. ಎರಡೂ ತುದಿಗೆ ಎತ್ತರದ ಕಂಬ ಹಾಕಿ ಆಂಟೆನಾ ನಿಲ್ಲಿಸಬಹುದಿತ್ತು. ಆದರೆ ಟೆಲಿಸ್ಕೋಪಿನ ಪಕ್ಕ ಕಂಬ ಎಬ್ಬಿಸಿದರೆ ಆಕಾಶ ಮರೆಯಾಗುತ್ತದೆ.

ಬದುವಿನ ಗುಂಟ ಅಳೆದರೆ 210 ಅಡಿ. ಈಥರ್ನೆಟ್ ಕೇಬಲ್ 100 ಮೀಟರ್ ತನಕ ನಡೆಯುತ್ತದೆ, ನಮ್ಮದು 64 ಮೀಟರ್. ಚಿಕ್ಕಬಳ್ಳಾಪುರದ ಒಂದು ಅಂಗಡಿಯಲ್ಲಿ ಕ್ಯಾಟ್ 6 ಅಂತ ಬರೆದ 100 ಮೀಟರ್ ಸುರುಳಿ 1,800ಕ್ಕೆ ಸಿಕ್ಕಿತು. ಮನೆಗೆ ತಂದು, ವೈರಿಂಗ್ ಮಾಡುವ ಅಣ್ಣನಿಗೆ ತೋರಿಸಿದೆ. ಅವರು ತುದಿ ಬಿಡಿಸಿ, ಒಂದು ಎಳೆಯನ್ನು ಬ್ಲೇಡಿನಲ್ಲಿ ಮೆಲ್ಲಗೆ ಕೆರೆದರು. ಮೇಲೆ ಕೆಂಪಗೆ ತಾಮ್ರ. ಎರಡು ಸಲ ಕೆರೆದ ಮೇಲೆ ಒಳಗಿಂದ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ! ತಾಮ್ರದ ಲೇಪ ಅಷ್ಟೇ. ಎಳೆಯನ್ನು ಅತ್ತಿತ್ತ ನಾಲ್ಕು ಸಲ ಬಗ್ಗಿಸಿದರು, ಪಟ್ ಅಂತ ಮುರಿಯಿತು. ಬಿಲ್ ಇಟ್ಟುಕೊಂಡಿದ್ದೆ, ಹಾಗಾಗಿ ಅಂಗಡಿಯವರು ವಾಪಸ್ ತಗೊಂಡರು. ಶುದ್ಧ ತಾಮ್ರದ್ದು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಅಂಗಡಿಯಲ್ಲೇ ಕೆರೆದು ನೋಡಿ.

ಅದೇ ಅಣ್ಣ ಇನ್ನೊಂದು ಮಾತು ಹೇಳಿದರು: "ಏಪ್ರಿಲ್ ಮೇ ಗುಡುಗು ಸಿಡಿಲು ನಿಮಗೆ ಗೊತ್ತಲ್ಲಕ್ಕ. ತಾಮ್ರದ ತಂತಿ ತೋಟದಿಂದ ಮನೆಯೊಳಕ್ಕೆ ಎಳೀತೀರಿ. ಹತ್ತಿರ ಎಲ್ಲಾದರೂ ಸಿಡಿಲು ಬಿದ್ದರೆ ಕ್ಯಾಮೆರಾ, ರೌಟರು ಎರಡೂ ಹೋಗ್ತವೆ. ಫೈಬರ್ ಎಳೆಯಿರಿ, ಗಾಜಿನಲ್ಲಿ ಕರೆಂಟ್ ಹರಿಯಲ್ಲ." ನನಗೆ ಫೈಬರ್ ಅಂದರೆ ದೊಡ್ಡ ಕಂಪನಿಗಳ ಕೆಲಸ ಅನ್ನುವ ಭಾವನೆ ಇತ್ತು. ಹಾಗೇನಿಲ್ಲ. ಮನೆಗೆ ಇಂಟರ್ನೆಟ್ ಕೊಡುವ ಕೇಬಲ್ ಹುಡುಗರ ಹತ್ತಿರ ಅದೇ ಫೈಬರ್ ಇರುತ್ತದೆ. 80 ಮೀಟರಿಗೆ 720 ರೂಪಾಯಿ, ಎರಡು ತುದಿ ಜೋಡಿಸಲು 600. ತಾಮ್ರಕ್ಕಿಂತ ಅಗ್ಗ! ಒಂದು ಎಚ್ಚರಿಕೆ. ಕೆಲವು ಫೈಬರ್ ಕೇಬಲಿನಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತದೆ. ಅದು ಇದ್ದರೆ ಸಿಡಿಲಿನ ಭಯ ತಪ್ಪಿದ ಹಾಗಾಗಲಿಲ್ಲ. ಉಕ್ಕಿಲ್ಲದ್ದನ್ನೇ ಕೇಳಿ.

ಇನ್ನೇನು ಕೆಲಸ ಶುರು ಅನ್ನುವಾಗ ಹದಿನೈದು ದಿನ ನಿಲ್ಲಬೇಕಾಯಿತು. ಫೈಬರ್ ಹಾಯುವ ಪೈಪು ಹುಳು ಮನೆಯ ಗೋಡೆಗೇ ತಾಗಿ ಹೋಗಬೇಕು. ಹುಳು ನಾಲ್ಕನೇ ಜ್ವರದಲ್ಲಿತ್ತು, ಆಮೇಲೆ ಹಣ್ಣಾಗಿ ಚಂದ್ರಿಕೆ ಅನ್ನುವ ತಟ್ಟೆಗೆ ಏರಬೇಕು, ಗೂಡು ಕಟ್ಟಬೇಕು. ಆ ಹೊತ್ತಲ್ಲಿ ಹೊರಗಿನವರು ಓಡಾಡಿ, ಮಣ್ಣಿನ ದೂಳು ಎದ್ದು, ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಚಿಕ್ಕಪ್ಪ ಖಡಾಖಂಡಿತವಾಗಿ ಬೇಡ ಅಂದರು, ನಾನೂ ಎದುರಾಡಲಿಲ್ಲ. ಮನೆ ನಡೆಯುವುದೇ ಅದರಿಂದ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ, ಹುಳು ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಜನವರಿ ಕೊನೆಗೆ ಅಗೆತ ಶುರುವಾಯಿತು.

ಇಬ್ಬರು ಆಳು, ಒಂದು ದಿನ, 1,200 ರೂಪಾಯಿ. ಒಂದೂವರೆ ಅಡಿ ಆಳ. ಟಿಲ್ಲರ್ ತಾಗದಿರಲಿ ಅಂತ ಬದುವಿನ ಅಂಚಿನಲ್ಲೇ ತೋಡಿದೆವು. ಹೆಗ್ಗಣ ಕಡಿಯದಿರಲಿ ಅಂತ ಬೋರ್‌ವೆಲ್ಲಿನಿಂದ ಉಳಿದಿದ್ದ ಒಂದು ಇಂಚಿನ ಕಪ್ಪು ಪೈಪಿನೊಳಗೆ ಫೈಬರ್ ಹಾಕಿದೆವು. ಪೈಪನ್ನು ಹೂಳುವ ಮೊದಲೇ ನೇರಕ್ಕೆ ಹಾಸಿ, ನೈಲಾನ್ ದಾರ ಕಟ್ಟಿ ಎಳೆಯಿರಿ. ಹೂತ ಮೇಲೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ದಾರ ಒಳಗೇ ಬಿಟ್ಟಿರಿ, ಮುಂದೆ ಬೇಕಾಗುತ್ತದೆ.

ತುದಿ ಜೋಡಿಸಲು ಕೇಬಲ್ ಹುಡುಗ ಸಂಜೆ ಬಂದ. ಅದನ್ನು ನೋಡುವುದೇ ಒಂದು ಸೊಗಸು. ಕಪ್ಪು ಹೊದಿಕೆ ಸುಲಿದ, ಒಳಗಿನ ಬಣ್ಣದ ಪದರ ಸುಲಿದ, ಉಳಿದ ಗಾಜಿನ ಎಳೆಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದ. ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಪಾಲು. ಅದರೊಳಗೆ ಬೆಳಕು ಹಾಯುವ ತಿರುಳು ಬರೀ 9 ಮೈಕ್ರಾನ್. ಎಳೆಯನ್ನು ನೇರಕ್ಕೆ ಕತ್ತರಿಸಿ ಪುಟ್ಟ ಯಂತ್ರದೊಳಗಿಟ್ಟ. ಯಂತ್ರದ ಪರದೆಯಲ್ಲಿ ಎರಡು ತುದಿಗಳು ದಪ್ಪ ಕಂಬಗಳಂತೆ ಕಾಣಿಸಿ, ತಾವೇ ಮೆಲ್ಲಗೆ ಹತ್ತಿರ ಬಂದವು. ಸಣ್ಣ ಕಿಡಿ. ಜೋಡಣೆ ಎಲ್ಲಿತ್ತು ಅಂತಲೂ ಗೊತ್ತಾಗದ ಹಾಗೆ ಒಂದಾದವು. ಕತ್ತರಿಸಿ ಬಿದ್ದ ತುಣುಕನ್ನು ಅಪ್ಪ ರೇಷ್ಮೆ ಎಳೆ ನೋಡುವ ಹಾಗೆ ಬೆರಳಲ್ಲಿ ತೆಗೆಯಲು ಹೋದರು. ಹುಡುಗ ತಟ್ಟನೆ ಕೈ ಹಿಡಿದ. "ಮುಟ್ಟಬೇಡಿ ಅಣ್ಣ, ಗಾಜು. ಚರ್ಮದೊಳಗೆ ಹೋದರೆ ಕಾಣಲ್ಲ." ತುಣುಕುಗಳನ್ನೆಲ್ಲ ಟೇಪಿಗೆ ಅಂಟಿಸಿ ಡಬ್ಬಿಗೆ ಹಾಕಿಕೊಂಡು ಹೋದ.

ಫೈಬರಿನ ಬೆಳಕನ್ನು ಈಥರ್ನೆಟ್ ಮಾಡಲು ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಬೇಕು. ಜೋಡಿಗೆ 1,900 ಕೊಟ್ಟು ಆನ್‌ಲೈನಿನಲ್ಲಿ ತರಿಸಿದ್ದೆ. ಸಿಕ್ಕಿಸಿದರೆ ಪವರ್ ದೀಪ ಹತ್ತಿತು, ಫೈಬರ್ ದೀಪ ಹತ್ತಲೇ ಇಲ್ಲ. ಜೋಡಣೆ ಸರಿಯಿಲ್ಲವೇನೋ ಅಂತ ಹುಡುಗನನ್ನು ಮತ್ತೆ ಕರೆಸಿದೆ. ಅವನು ಮೀಟರ್ ಹಾಕಿ ನೋಡಿ, ಬೆಳಕು ಚೆನ್ನಾಗಿ ಬರುತ್ತಿದೆ ಅಂದ. ಆಮೇಲೆ ಎರಡೂ ಡಬ್ಬಿ ತಿರುಗಿಸಿ ನೋಡಿದ. ಎರಡರ ಮೇಲೂ ಎ ಅಂತಲೇ ಇತ್ತು. ಒಂದೇ ಎಳೆಯಲ್ಲಿ ಹೋಗುವ ಬರುವ ಎರಡೂ ಮಾತು ನಡೆಯಬೇಕಾದರೆ ಒಂದು ಕನ್ವರ್ಟರ್ 1310 ನ್ಯಾನೋಮೀಟರಿನ ಬೆಳಕು ಕಳಿಸಿ 1550 ಕೇಳಬೇಕು, ಇನ್ನೊಂದು 1550 ಕಳಿಸಿ 1310 ಕೇಳಬೇಕು. ಒಂದು ಎ, ಒಂದು ಬಿ. ನನಗೆ ಬಂದ ಎರಡೂ 1310 ಕಳಿಸುವಂಥವೇ.

ಬದಲಾಯಿಸಿ ಕೊಡಿ ಅಂತ ಕೇಳಿದ್ದಕ್ಕೆ ಮಾರಿದವರು ಜಿಎಸ್‌ಟಿ ಬಿಲ್, ಎರಡರ ಸೀರಿಯಲ್ ನಂಬರಿನ ಫೋಟೋ, ಪಾರ್ಸೆಲ್ ಬಿಚ್ಚುವ ವಿಡಿಯೋ ಕೇಳಿದರು. ವಿಡಿಯೋ ನಾನು ಮಾಡಿರಲಿಲ್ಲ. ಎರಡು ಡಬ್ಬಿಯ ಲೇಬಲ್ ಒಟ್ಟಿಗೆ ಕಾಣುವ ಫೋಟೋ, ಬಿಲ್ಲಿನಲ್ಲಿ ಜೋಡಿ ಅಂತ ಬರೆದಿರುವ ಸಾಲು, ಹುಡುಗನ ಮೀಟರಿನ ಫೋಟೋ ಕಳಿಸಿದೆ. ಆರು ಸಲ ಬರೆದೆ. ಹದಿನಾರನೇ ದಿನಕ್ಕೆ ಬಿ ಬಂತು. ಆ ಹದಿನಾರು ರಾತ್ರಿಗಳಲ್ಲಿ ಹನ್ನೆರಡು ರಾತ್ರಿ ಆಕಾಶ ಕನ್ನಡಿಯ ಹಾಗಿತ್ತು, ಸುಮ್ನೆ ಕೂತು ನೋಡಿದೆ. ಯಾವುದೇ ಪಾರ್ಸೆಲ್ ಬಿಚ್ಚುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ದಯವಿಟ್ಟು.

ಈಗಿನ ಏರ್ಪಾಡು ಹೇಳುತ್ತೇನೆ. ಮನೆಯ ರೌಟರಿನಿಂದ ಕನ್ವರ್ಟರ್, ಅಲ್ಲಿಂದ ಫೈಬರ್, ಕಂಬದ ಹತ್ತಿರ ಇನ್ನೊಂದು ಕನ್ವರ್ಟರ್, ಅಲ್ಲಿಂದ ಮನೆಯಲ್ಲೇ ಬಿದ್ದಿದ್ದ ಹಳೆಯ ರೌಟರ್. ಪೈ ಆ ರೌಟರಿಗೆ ತಂತಿಯಲ್ಲೇ ಸೇರುತ್ತದೆ, ಪೈನ ವೈಫೈ ಪೂರ್ತಿ ಆರಿಸಿದ್ದೇನೆ. ಕಂಬದ ಪಕ್ಕ ನಿಂತು ಅಲೈನ್ ಮಾಡುವಾಗ ಫೋನಿಗೆ ಬೇಕಾಗುವ ವೈಫೈ ಹಳೆಯ ರೌಟರ್ ಕೊಡುತ್ತದೆ, 5 ಗಿಗಾಹರ್ಟ್ಜಿನಲ್ಲಿ. ಹತ್ತಡಿ ದೂರಕ್ಕೆ ಅದು ಧಾರಾಳ, ಯುಎಸ್‌ಬಿ ಗದ್ದಲವೂ ತಾಗುವುದಿಲ್ಲ. ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಉಳಿದ ಸಾಧನಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಆರಿಸಿ, ಐಪಿ ವಿಳಾಸ ಬದಲಾಯಿಸಿ, ತಂತಿಯನ್ನು ವ್ಯಾನ್ ಬಾಯಿಗಲ್ಲ, ಲ್ಯಾನ್ ಬಾಯಿಗೆ ಹಾಕಿ.

ಕಂಬದ ಹತ್ತಿರ ಇವನ್ನೆಲ್ಲ ಇಡುವ ಡಬ್ಬಿ ವಿಷಯದಲ್ಲೂ ಒಂದು ದಿನ ಹೋಯಿತು. ವೈರಿಂಗ್ ಅಣ್ಣ ಗಟ್ಟಿಯಾಗಿರಲಿ ಅಂತ ಕಬ್ಬಿಣದ ಡಬ್ಬಿ ತಂದಿದ್ದರು. ಬಾಗಿಲು ಮುಚ್ಚಿದ ಕೂಡಲೇ ವೈಫೈ ಮಾಯ. 450 ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ ಹಾಕಿದ ಮೇಲೆ ಸರಿಹೋಯಿತು. ಇರುವೆ ನುಗ್ಗದಂತೆ ಕೇಬಲಿನ ತೂತುಗಳಿಗೆ ಎಂ‌ಸೀಲ್ ಮೆತ್ತಿದ್ದೇನೆ. ಒಳಗೆ ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ, ಅಂಗಡಿಯಲ್ಲಿ ನನಗೆ ಅದು ಬೇಕಾದಷ್ಟು ಸಿಗುತ್ತದೆ. ರೌಟರಿನ ಮಿಣುಕು ದೀಪಗಳಿಗೆ ಕಪ್ಪು ಟೇಪು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಆ ಸಣ್ಣ ನೀಲಿ ದೀಪವೇ ಸೂಜಿ ಚುಚ್ಚಿದ ಹಾಗಾಗುತ್ತದೆ.

ಕಂಬದ ಹತ್ತಿರ ಎಲ್ಲವೂ ಟೆಲಿಸ್ಕೋಪಿನ 12 ವೋಲ್ಟ್ ಬ್ಯಾಟರಿಯಲ್ಲೇ ಓಡುತ್ತದೆ. ಕನ್ವರ್ಟರಿಗೆ 5 ವೋಲ್ಟ್ ಬೇಕು, ಅದಕ್ಕೆ 180 ರೂಪಾಯಿಯ ವೋಲ್ಟ್ ಇಳಿಸುವ ಬೋರ್ಡ್. ಮನೆಯ ಕಡೆ ಕರೆಂಟ್ ಹೋದರೆ ರೌಟರ್ ಆರುತ್ತದಲ್ಲ, ಅದಕ್ಕೆ 1,250 ರೂಪಾಯಿಯ ಪುಟ್ಟ ಯುಪಿಎಸ್, 5 ಮತ್ತು 12 ವೋಲ್ಟ್ ಎರಡೂ ಬರುವಂಥದ್ದು.

ಗುರುವಾರ 18 ಎಂಬಿಯ ಚಿತ್ರ ಎರಡು ಸೆಕೆಂಡಿನೊಳಗೆ ಮನೆ ಸೇರುತ್ತಿತ್ತು. ಒಟ್ಟು 96 ಚಿತ್ರ. ಹನ್ನೊಂದಕ್ಕೆ ಮೌಂಟನ್ನು ಒಳಗಿಂದಲೇ ನಿಲ್ಲಿಸಿ, ಒಂದೇ ಒಂದು ಸಲ ಹೊರಗೆ ಹೋಗಿ ಮುಚ್ಚಳ ಹಾಕಿ ಬಂದೆ. ಮುಂದಿನ ತಿಂಗಳು ಮಧ್ಯರಾತ್ರಿ ಮೀರಿದ ಮೇಲೆ ದಕ್ಷಿಣದಲ್ಲಿ ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗುಚ್ಛ ಮೇಲೆ ಬರುತ್ತದೆ. ನಮ್ಮ ಊರಿನಿಂದ ಅದು 29 ಡಿಗ್ರಿವರೆಗೆ ಏರುತ್ತದೆ, ಉತ್ತರದವರಿಗೆ ಸಿಗದ ಭಾಗ್ಯ. ಮೊದಲು ಅದನ್ನೇ ತೆಗೆಯುತ್ತೇನೆ.

ಹಿಪ್ಪುನೇರಳೆ ಮತ್ತೆ ಸೊಂಟದೆತ್ತರ ಬಂದಿದೆ. ನಿನ್ನೆ ಅಪ್ಪ ಪೈಪು ಹೋದ ದಾರಿಯುದ್ದಕ್ಕೂ ಹತ್ತಡಿಗೊಂದರಂತೆ ಕಲ್ಲು ನೆಟ್ಟು ಸುಣ್ಣ ಬಳಿದರು. ಮುಂದಿನ ವಾರ ಟಿಲ್ಲರ್ ಬರುತ್ತದೆ.